ಮೂರು ಚಮಚ ಸೀಕರಣಿ

"ಒಂದ ಚಮಚಾ ರೀ ಮಾವಾ. ಒಂದ ಒಂದು. ಬಾಯಿ ತೆಗೀರಿ."

ರೂಪಾಲಿ ಮತ್ತೊಮ್ಮೆ ಚಮಚವನ್ನು ಮಾವನ ತುಟಿಯ ಹತ್ತಿರ ಒಯ್ದಳು. ವಿದ್ಯಾಧೀಶ ಮಾಸ್ತರರು ಬಾಯಿ ತೆರೆಯಲಿಲ್ಲ. ತುಟಿಗಳನ್ನು ಒಳಕ್ಕೆಳೆದುಕೊಂಡು ಗೋಡೆಯ ಕಡೆ ನೋಡತೊಡಗಿದರು. ಮೂಗಿನಿಂದ ಇಳಿದ ನಳಿಗೆ ಕೆನ್ನೆಯ ಮೇಲೆ ಅಂಟುಪಟ್ಟಿಯ ಕೆಳಗೆ ಹಾಯ್ದು, ಕಿವಿಯ ಹಿಂದೆ ಹೋಗಿ, ಹೆಗಲ ಮೇಲೆ ಜೋತಾಡುತ್ತಿತ್ತು. ಚಮಚದಿಂದ ಮಾವಿನ ಹಣ್ಣಿನ ಸೀಕರಣಿಯ ಒಂದು ಹನಿ ಗದ್ದದ ಮೇಲೆ ಬಿತ್ತು. ರೂಪಾಲಿ ಅದನ್ನು ಒರೆಸಿದಳು.

ಮಾಸ್ತರರ ಹೆಂಡತಿ ವತ್ಸಲಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಒಂದು ಕೈಯಲ್ಲಿ ಸೆರಗಿನ ತುದಿ, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಬೆಳಗಿನಿಂದ ಅವರು ಆ ಹೊಸ್ತಿಲು ದಾಟಿರಲಿಲ್ಲ.

ದಾಟಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತೇನೋ. ದೀಪಾವಳಿ ಮುಗಿದ ಮೇಲೆ ಮಾಸ್ತರರಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಹೋದವು, ಮಾತು ಹೋಯಿತು, ನುಂಗುವುದೂ ಹೋಯಿತು. ಗಂಟಲು ದಾರಿ ಮರೆತಿದೆ, ಹನಿ ನೀರನ್ನೂ ಬಾಯಿಗೆ ಹಾಕಬೇಡಿರೆಂದು ಡಾಕ್ಟರು ಹೇಳಿ ಕಳಿಸಿದ್ದರು. ಸಂಕ್ರಾಂತಿಯ ಹೊತ್ತಿಗೆ ಒಂದು ಸಂಜೆ ಮಗ ಸೊಸೆ ಇಬ್ಬರೂ ಕಚೇರಿಯಿಂದ ಬಂದಿರಲಿಲ್ಲ. ವತ್ಸಲಾಬಾಯಿ ಗಂಡನ ಮಂಚದ ಪಕ್ಕ ಕೂತು ಚಹ ಕುಡಿಯುತ್ತಿದ್ದರು. ಮಾಸ್ತರರ ಕಣ್ಣು ಅವರ ಬಸಿಯನ್ನು ಬಿಟ್ಟು ಕದಲಲಿಲ್ಲ. ಬಸಿ ಮೇಲೆದ್ದರೆ ಕಣ್ಣೂ ಮೇಲೆದ್ದಿತು, ಇಳಿದರೆ ಇಳಿಯಿತು. ಅಷ್ಟು ವರ್ಷ ಒಂದೇ ಬಸಿಯಲ್ಲಿ ಚಹ ಹಂಚಿಕೊಂಡ ಹೆಂಗಸು ಅದನ್ನು ಹೇಗೆ ತಾಳಿಯಾಳು? ಒಂದು ಗುಟುಕು ಕುಡಿಸಿದರು. ಆ ಗುಟುಕು ಹೊಟ್ಟೆಯ ದಾರಿ ಬಿಟ್ಟು ಉಸಿರಿನ ದಾರಿ ಹಿಡಿಯಿತು. ಕೆಮ್ಮಲು ಶಕ್ತಿಯಿಲ್ಲದ ಜೀವ ಒದ್ದಾಡಿ, ತುಟಿ ನೀಲಿಯಾಗಿ, ಆ ರಾತ್ರಿಯೇ ನ್ಯುಮೋನಿಯಾ ಅಂತ ಐಸಿಯು ಸೇರಿತು.

ಬದುಕಿ ಬಂದರು. ಮನೆಗೆ ಬಂದ ಮೇಲೂ ವತ್ಸಲಾಬಾಯಿಯನ್ನು ಯಾರೂ ಬೈಯಲಿಲ್ಲ. "ಅತ್ಯಾ, ನೀವ್ಯಾಕ ತ್ರಾಸ ತಗೋತೀರಿ, ನಾ ಮಾಡ್ತೀನಿ ಬಿಡ್ರಿ," ಎಂದು ರೂಪಾಲಿ ಗಂಜಿ, ಗುಳಿಗೆ, ಸಿರಿಂಜು ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡಳು, ಅಷ್ಟೇ. ತಾನು ಜಿಲ್ಲಾ ಪಂಚಾಯತಿ ಕಚೇರಿಗೆ ಹೋಗುವಾಗ ಮನೆಗೆಲಸದ ರೇಣುಕವ್ವನನ್ನು ಮಾವನ ಕೋಣೆಯಲ್ಲಿ ಕೂಡಿಸಿ ಹೋಗುತ್ತಿದ್ದಳು. ಆ ಕಾವಲು ಯಾರ ಮೇಲೆ ಎಂಬುದು ರೇಣುಕವ್ವನಿಗೂ ಗೊತ್ತಿತ್ತು. ಪಾಪ, ವತ್ಸಲಾಬಾಯಿ ಒಳಗೆ ಬಂದಾಗಲೆಲ್ಲ ಅವಳು ಕಸಬರಿಗೆ ಹುಡುಕುವ ನೆವ ಮಾಡಿ ಮುಖ ತಿರುಗಿಸುತ್ತಿದ್ದಳು.

ಈಗ ನಾಡಿದ್ದು ಸೋಮವಾರ ಆಪರೇಶನ್. ಮೂಗಿನ ನಳಿಗೆಯನ್ನು ಎಷ್ಟು ದಿನ ಇಡಲಾದೀತು, ಹೊಟ್ಟೆಗೇ ತೂತು ಹಾಕಿ ಅಲ್ಲಿಂದ ಗಂಜಿ ಬಿಡೋಣ ಎಂದು ಡಾಕ್ಟರು ಗೊತ್ತು ಮಾಡಿದ್ದರು. ನುಂಗುವುದನ್ನು ಮತ್ತೆ ಕಲಿಸಲು ಬರುತ್ತಿದ್ದ ಅನುಜಾ ಎಂಬ ಹುಡುಗಿ ಮಾತ್ರ ಒಪ್ಪಿರಲಿಲ್ಲ. "ಗಂಟಲಾಗ ಈಗ ಜೀವ ಬಂದದ. ದವಾಖಾನ್ಯಾಗ ಅವರು ಬಾಯಿನ ತೆಗ್ಯಂಗಿಲ್ಲ, ಅದ ತೊಂದರಿ. ಮನ್ಯಾಗ ಅವರಿಗೆ ಸೇರೋದು ಏನರ ಗಟ್ಟ್ಯಾಗಿ ಮಾಡಿ ಹಾಕಿ ನೋಡ್ರಿ. ಮೂರ ಚಮಚ ನುಂಗಿದ್ರ ನಾ ಡಾಕ್ಟರ ಜೊತಿ ಮಾತಾಡ್ತೀನಿ," ಎಂದಿದ್ದಳು. ಏನು ಸೇರುತ್ತದೆ ಎಂದು ಕೇಳಿದಾಗ ಮಗ ಅನೂಪ ಶ್ರೀಖಂಡ ಅಂದ, ರೂಪಾಲಿ ಗೋಧಿ ಪಾಯಸ ಅಂದಳು. ವತ್ಸಲಾಬಾಯಿ ಬಾಗಿಲ ಹಿಂದಿನಿಂದ ಮೆಲ್ಲಗೆ, "ಸೀಕರಣಿ," ಅಂದಿದ್ದರು.

ಅದಕ್ಕೆ ಈ ಮಾವಿನ ಹಣ್ಣು ಬಂದಿದ್ದವು. ಚೈತ್ರ ಬಂತೆಂದರೆ ಜೋರಾಪುರ ಪೇಟೆಯ ಆ ಮನೆಗೆ ಮೊದಲ ಮಾವಿನ ಹಣ್ಣು ತರುತ್ತಿದ್ದವರು ಮಾಸ್ತರರೇ. ಟಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಜೆಯ ಬಸ್ಸಿಗೆ ಇಳಿದು, ನೆಟ್ಟಗೆ ಮಾರ್ಕೆಟ್ಟಿಗೆ ಹೋಗಿ, ಒಂದೊಂದು ಹಣ್ಣಿನ ತೊಟ್ಟು ಮೂಸಿ ಆರಿಸಿ ತರುವರು. ಚೈತ್ರಗೌರಿಯನ್ನು ತೊಟ್ಟಿಲಲ್ಲಿ ಕೂಡಿಸಿದ ದಿನ ಮನೆ ತುಂಬ ಹೆಂಗಸರು, ಕೋಸಂಬರಿ, ಪಾನಕ. ಗಂಡಸರಿಗೆ ಕೆಲಸವಿಲ್ಲದ ಆ ಗದ್ದಲದಲ್ಲಿ ಮಾಸ್ತರರು ಅಡುಗೆಮನೆಯ ಬಾಗಿಲಿಗೆ ಬಂದು ಸೀಕರಣಿಯ ರುಚಿಗೆ ಕೈ ಚಾಚಿ ನಿಲ್ಲುವರು. ಈ ವರ್ಷ ಗೌರಿಯನ್ನೇನೋ ಕೂಡಿಸಿದ್ದಾಗಿತ್ತು. ಅರಿಸಿನ ಕುಂಕುಮಕ್ಕೆ ಯಾರನ್ನೂ ಕರೆದಿರಲಿಲ್ಲ.

"ಸಾಕ ಬಿಡು ರೂಪಾ," ಎಂದ ಅನೂಪ. ಅವನು ಕಿಟಕಿಯ ಹತ್ತಿರ ಮೊಬೈಲು ಹಿಡಿದು ನಿಂತಿದ್ದ. ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಅವನಿಗೆ ತಂತಿ ಹರಿದರೆ, ಕಂಬ ಬಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು. ಈ ಕೋಣೆಯಲ್ಲಿ ಏನು ಮಾಡಬೇಕೆಂದು ಗೊತ್ತಾಗದೆ ಅವನಿಗೆ ಸಿಟ್ಟು ಬರುತ್ತಿತ್ತು. "ಅವರಿಗೇ ಬ್ಯಾಡಾಗೇದ. ಜಬರದಸ್ತಿ ಮಾಡಿ ಮತ್ತ ಕೆಮ್ಮು ಹತ್ತಿದ್ರ? ಸೋಮವಾರ ಒಯ್ಯೂಣಂತ."

"ಇನ್ನೊಮ್ಮೆ ನೋಡ್ತೀನಿ."

"ಎಷ್ಟ ಸಲ ಅಂತ ನೋಡ್ತೀ?"

ರೂಪಾಲಿ ಮಾವನ ಮುಖವನ್ನೇ ನೋಡುತ್ತಿದ್ದಳು. ಗೋಡೆಯ ಮೇಲಿದ್ದ ಅವರ ಕಣ್ಣು ಮೆಲ್ಲಗೆ ಸರಿದು, ಅವಳ ಹೆಗಲ ಮೇಲಿಂದ ಹಾಯ್ದು, ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತಿತ್ತು. ರೂಪಾಲಿ ತಿರುಗಿ ನೋಡಿದಳು. ವತ್ಸಲಾಬಾಯಿ ಕಳ್ಳತನದಲ್ಲಿ ಸಿಕ್ಕವರ ಹಾಗೆ ಹಿಂದಕ್ಕೆ ಸರಿದರು.

"ಅತ್ಯಾ, ನೀವ ಹಾಕ್ರಿ," ಎಂದಳು ರೂಪಾಲಿ.

ಅನೂಪ ಮೊಬೈಲನ್ನು ಜೇಬಿಗೆ ಹಾಕಿದ. "ಬ್ಯಾಡ," ಎಂದ. ಆಮೇಲೆ ತಾಯಿಯ ಮುಖ ನೋಡದೆ, "ಅವ್ವಾ, ನೀ ಮನಸಿಗೆ ಹಚ್ಕೋಬ್ಯಾಡ. ಆದ್ರ ಬ್ಯಾಡ," ಎಂದ.

ವತ್ಸಲಾಬಾಯಿ ಒಳಗೆ ಹೋದರು. ಒಲೆಯ ಕಟ್ಟೆಯ ಮೇಲೆ ಹಿಂಡಿ ಬಿಟ್ಟ ಮಾವಿನ ಸಿಪ್ಪೆ ಬಿದ್ದಿದ್ದವು. ಅವನ್ನು ಎತ್ತಿ ಪಾತ್ರೆಗೆ ಹಾಕಿದರು. ಮತ್ತೆ ತೆಗೆದು ಇನ್ನೊಂದು ಪಾತ್ರೆಗೆ ಹಾಕಿದರು. ಮೇಲೆ ಮಾಳಿಗೆಯಲ್ಲಿ ಸಂಡಗಿ ಹಾಕುತ್ತಿದ್ದ ರೇಣುಕವ್ವ ಬೆಳಕಿಂಡಿಯಿಂದ ಕೂಗಿದಳು. "ಬಾಯಾರ, ಹಿಟ್ಟ ಆರಿ ಗಟ್ಟಿ ಆಗಾಕತ್ತೈತ್ರಿ. ಮ್ಯಾಲ ಬರ್ತೀರೇನ್ರಿ?"

"ನೀನ ಹಾಕವಾ," ಎಂದರು ವತ್ಸಲಾಬಾಯಿ. ತಮ್ಮ ಧ್ವನಿ ತಮಗೇ ಬೇರೆಯವರದೆಂಬಂತೆ ಕೇಳಿತು.

ರೂಪಾಲಿ ಬಟ್ಟಲು ಹಿಡಿದು ಹಿಂದೆಯೇ ಬಂದಿದ್ದಳು. ಬಾಗಿಲನ್ನು ಅರ್ಧ ಮುಚ್ಚಿದಳು.

"ನಾ ಗಂಜಿ ಹಾಕೂವಾಗ ಮಾವ ಒಂದ ದಿನಾನೂ ನನ್ನ ಕಡೆ ನೋಡಿಲ್ಲರಿ ಅತ್ಯಾ. ಛತ್ತ ನೋಡ್ತಾರ, ಇಲ್ಲಾ ಗ್ವಾಡಿ ನೋಡ್ತಾರ. ಈಗ ನಿಮ್ಮ ಕಡೆ ನೋಡಿದ್ರು."

"ನನ್ನ ಕೈಲೆ ಆಗಂಗಿಲ್ಲ ರೂಪಾಲಿ."

"ನಾ ಮಗ್ಗಲದಾಗ ಇರ್ತೀನಿ."

"ಅವತ್ತಿನಂಗ ಆದ್ರ?" ವತ್ಸಲಾಬಾಯಿ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ನೀ ನೋಡಿಲ್ಲ. ಅವರ ಕಣ್ಣ ಹ್ಯಾಂಗ ಆಗಿದ್ವು ನೀ ನೋಡಿಲ್ಲ. ನಾ ಹಾಕೀನಿ ಅಂತ ಅವರಿಗೆ ಗೊತ್ತಿತ್ತು. ನನ್ನ ನೋಡಕೋತನ ಒದ್ದಾಡಿದ್ರು."

ಇಷ್ಟು ದಿನದಲ್ಲಿ ಆ ಮಾತನ್ನು ಅವರು ಯಾರೆದುರೂ ಆಡಿರಲಿಲ್ಲ. ರೂಪಾಲಿ ಬಟ್ಟಲಿನಲ್ಲಿ ಚಮಚ ತಿರುವಿದಳು. ಅವಳಿಗೂ ಹೆದರಿಕೆಯಾಗಿದೆ ಎಂಬುದು ವತ್ಸಲಾಬಾಯಿಗೆ ಆಗ ಕಂಡಿತು. ಮೂಗಿನ ಮೇಲೆ ಬೆವರಿತ್ತು.

"ಹಂಗ ಆದ್ರ ಇಬ್ಬರೂ ಕೂಡಿ ಹಾಕಿದ್ವಿ ಅಂತ ಹೇಳೂಣು," ಎಂದಳು ರೂಪಾಲಿ. "ಬರ್ರಿ. ಹೊತ್ತಾದ್ರ ನೀರ ಬಿಡ್ತದ ಇದು."

ವತ್ಸಲಾಬಾಯಿ ಕೈ ತೊಳೆದುಕೊಂಡರು. ರೂಪಾಲಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಸೀಕರಣಿಯನ್ನು ನೋಡಿದರು. "ಯಾಲಕ್ಕಿ ಹಾಕಿಲ್ಲ."

"ಪುಡಿ ಗಂಟಲಿಗೆ ಸಿಗ್ತದಂತ ಅನುಜಾ ಹೇಳ್ಯಾಳ."

"ಹ್ಞಾಂ. ಹಂಗಾದ್ರ ಬ್ಯಾಡ."

ಅವರು ಹೊಸ್ತಿಲು ದಾಟಿ ಹೋದಾಗ ಅನೂಪ ಏನೋ ಹೇಳಲು ಬಾಯಿ ತೆರೆದ. ರೂಪಾಲಿ ಕೈ ಸನ್ನೆ ಮಾಡಿದಳು. ಅವನು ಮಂಚದ ಆ ಬದಿಗೆ ಹೋಗಿ ಅಪ್ಪನ ಬೆನ್ನ ಹಿಂದಿನ ದಿಂಬನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತ.

ವತ್ಸಲಾಬಾಯಿ ಗಂಡನ ಎದುರಿಗಿದ್ದ ಕುರ್ಚಿಯಲ್ಲಿ ಕೂಡಲಿಲ್ಲ. ಮಗ್ಗುಲಿಗೆ, ಸ್ವಾಧೀನವಿದ್ದ ಎಡಗೈಯ ಕಡೆ, ಮಂಚದ ಅಂಚಿಗೆ ಕೂತರು. ಗದ್ದ ಎದೆಯ ಕಡೆ ಬಾಗಿರಬೇಕೆಂದು ರೂಪಾಲಿ ಹಿಂದಿನಿಂದ ಹೇಳಿದಳು. ಸರಿ ಮಾಡಿದರು. ಬಾಯಿ ತೆಗೆಯಿರಿ ಎಂದು ಹೇಳಬೇಕೆಂದಿದ್ದರು. ಆದರೆ ಚಮಚ ಎತ್ತಿದಾಗ ನಾಲಗೆಗೆ ಬೇರೆಯದೇ ಮಾತು ಬಂತು. ಮದುವೆಯಾದ ಲಾಗಾಯ್ತು ಈ ಮನೆಯಲ್ಲಿ ಉಪ್ಪಿನಕಾಯಿಯಿರಲಿ, ಹೋಳಿಗೆಯ ಹೂರಣವಿರಲಿ, ಒಲೆಯಿಂದ ಇಳಿದದ್ದು ಮೊದಲು ಮಾಸ್ತರರ ಅಂಗೈಗೆ ಬೀಳುತ್ತಿತ್ತು. ಅವರು ಪರೀಕ್ಷೆಯ ಪೇಪರು ನೋಡುವ ಗಾಂಭೀರ್ಯದಲ್ಲಿ ರುಚಿ ನೋಡಿ, ಕಡಿಮೆ ಹೆಚ್ಚು ಹೇಳಿದ ಮೇಲೆಯೇ ಉಳಿದವರಿಗೆ.

"ಸಕ್ಕರಿ ಸರಿ ಅದನೋ ಇಲ್ಲೋ ನೋಡ್ರಿ," ಎಂದರು ವತ್ಸಲಾಬಾಯಿ.

ಮಾಸ್ತರರು ಹೆಂಡತಿಯ ಮುಖ ನೋಡಿದರು. ಎಡಗಡೆಯ ತುಟಿ ಅದುರಿತು. ಆಮೇಲೆ ಬಾಯಿ ತೆರೆಯಿತು. ಪೂರ್ತಿಯಲ್ಲ, ಚಮಚ ಹೋಗುವಷ್ಟು.

ಸೀಕರಣಿ ಒಳಗೆ ಹೋಯಿತು. ಬಾಯಿ ಮುಚ್ಚಿತು. ಆಮೇಲೆ ಏನೂ ಆಗಲಿಲ್ಲ.

ಗಂಟಲ ಗಂಟು ಕದಲಲಿಲ್ಲ. ದವಡೆ ಆಡಲಿಲ್ಲ. ಮಾಸ್ತರರು ಕಣ್ಣು ಅಗಲಿಸಿ, ಬಾಯಲ್ಲಿದ್ದದ್ದನ್ನು ಏನು ಮಾಡಬೇಕೆಂದು ನೆನಪು ಮಾಡಿಕೊಳ್ಳುತ್ತಿರುವವರಂತೆ ಕೂತಿದ್ದರು. ಅನೂಪನ ಬೆರಳು ದಿಂಬಿನೊಳಗೆ ಇಳಿದವು. "ಅವ್ವಾ, ಹೊರಗ ತಗಿ," ಎಂದ ಉಸಿರಿನಲ್ಲೇ. "ತಡೀರಿ," ಎಂದಳು ರೂಪಾಲಿ. ವತ್ಸಲಾಬಾಯಿಗೆ ಆ ಸಂಜೆಯ ನೀಲಿ ತುಟಿ ಕಣ್ಣ ಮುಂದೆ ಬಂದು ನಿಂತಿತು. ಓಡಿಹೋಗಬೇಕೆನಿಸಿತು. ಅವರು ಗಂಡನ ಗಂಟಲನ್ನೇ ನೋಡುತ್ತ ತಾವೇ ಒಂದು ಸಲ ಉಗುಳು ನುಂಗಿದರು.

ಗಂಟಲ ಗಂಟು ಮೇಲೇರಿತು, ನಿಂತಿತು, ಇಳಿಯಿತು.

ಒಡನೆಯೇ ಮಾಸ್ತರರು ಕೆಮ್ಮಿದರು. ಅನೂಪ ಮಂಚವನ್ನು ಸುತ್ತಿ ಬಂದುಬಿಟ್ಟಿದ್ದ. ರೂಪಾಲಿ ಅವನನ್ನು ಮೊಣಕೈಯಿಂದ ತಡೆದು, ಬಾಗಿ, "ಮಾವಾ, ಆ ಅನ್ರಿ. ಆ," ಎಂದಳು. ಗಂಟಲಲ್ಲಿ ಏನಾದರೂ ಉಳಿದಿದ್ದರೆ ಧ್ವನಿ ನೀರೊಳಗಿನಿಂದ ಬಂದಂತೆ ಗುಳುಗುಳು ಅನ್ನುತ್ತದೆಂದು ಅನುಜಾ ಹೇಳಿಕೊಟ್ಟಿದ್ದಳು. ಮೂವರೂ ಕಿವಿಗೊಟ್ಟರು.

"ಆ," ಎಂದರು ಮಾಸ್ತರರು. ಬಿರುಸಾದ, ಒಣಗಿದ ಧ್ವನಿ. ಹಳೆಯ ಬಾಗಿಲು ತೆರೆದ ಹಾಗೆ.

"ಒಳಗ ಹೋಗೇದ," ಎಂದಳು ರೂಪಾಲಿ. ಅವಳು ಗೋಡೆಗೆ ಒರಗಿದಳು.

ಎರಡನೆಯ ಚಮಚ ಹೋಯಿತು. ಮತ್ತೆ ಕಾದರು, ಮತ್ತೆ ಗಂಟಲು ಆಡಿತು, ಮತ್ತೆ "ಆ". ಮೂರನೆಯದಕ್ಕೆ ಬಾಯಿ ತಾನಾಗಿಯೇ ತೆರೆದುಕೊಂಡಿತು. ಅದೂ ಇಳಿದ ಮೇಲೆ ಅನೂಪ ಕಿಟಕಿಯ ಕಡೆ ತಿರುಗಿ, ಹೊರಗೆ ಯಾರೋ ಕರೆದವರಂತೆ ಬಹಳ ಹೊತ್ತು ಅಲ್ಲೇ ನೋಡುತ್ತ ನಿಂತ.

ಮಾಸ್ತರರ ಬಾಯಿ ಮತ್ತೆ ತೆರೆದಿತ್ತು.

"ಇವತ್ತಿಗೆ ಇಷ್ಟ ರೀ ಮಾವಾ," ಎಂದಳು ರೂಪಾಲಿ. "ಮೂರ ಚಮಚ ಅಂದಾಳ ಅನುಜಾ. ಗಂಟಲ ದಣೀತದ."

ಮಾಸ್ತರರು ಅವಳ ಕಡೆ ನೋಡಲೇ ಇಲ್ಲ. ಎಡಗೈ ಮೇಲೆತ್ತಿ ಹೆಂಡತಿಯ ಮಣಿಕಟ್ಟು ಹಿಡಿದರು. ಇಷ್ಟು ತಿಂಗಳಿಂದ ಹಾಸಿಗೆ ಹಿಡಿದ ಮನುಷ್ಯನ ಕೈಯಲ್ಲಿ ಇಷ್ಟು ಬಲವಿದೆಯೆಂದು ವತ್ಸಲಾಬಾಯಿ ತಿಳಿದಿರಲಿಲ್ಲ. ಬಳೆ ಚರ್ಮಕ್ಕೆ ಒತ್ತಿತು. ಬಟ್ಟಲಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಗಂಡನ ಕಣ್ಣು ಬಟ್ಟಲಿಗೂ ತಮ್ಮ ಮುಖಕ್ಕೂ ಓಡಾಡುತ್ತಿತ್ತು. ಆ ನೋಟ ಅವರಿಗೆ ಗೊತ್ತಿದ್ದದ್ದೇ. ಆ ಸಂಜೆ ಚಹದ ಬಸಿಯ ಹಿಂದೆ ಏರಿ ಇಳಿದ ನೋಟ ಅದು.

ರೂಪಾಲಿ ಬಟ್ಟಲನ್ನು ಕಸಿದುಕೊಳ್ಳಲು ಮುಂದೆ ಬರಲಿಲ್ಲ. ಗೋಡೆಗೆ ಒರಗಿದವಳು ಅಲ್ಲಿಯೇ ನಿಂತು ಅತ್ತೆಯ ಕೈಯನ್ನು ನೋಡಿದಳು.

ಇನ್ನೊಂದು ಹಾಕಿದರೆ ಏನಾದೀತು? ಮೂರು ಇಳಿದ ಮೇಲೆ ನಾಲ್ಕನೆಯದು ಇಳಿಯದೇ? ವತ್ಸಲಾಬಾಯಿಯ ಬೆರಳು ಚಮಚವನ್ನು ಬಿಗಿ ಹಿಡಿದವು. ಆಮೇಲೆ ಅವರು ಬಟ್ಟಲನ್ನು ಗಂಡನಿಗೆ ಎಟುಕದ ಹಾಗೆ ಔಷಧದ ಟೇಬಲಿನ ಆಚೆ ಅಂಚಿಗೆ ಇಟ್ಟರು.

"ಉಳದದ್ದು ನಾಳೆ," ಎಂದರು. "ನಾಳೆ ನಾನ ಹಾಕ್ತೀನಿ."

ಮಾಸ್ತರರು ಮಣಿಕಟ್ಟು ಬಿಟ್ಟರು. ಸಿಟ್ಟಿನಿಂದ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಹಿಂದೆ ಊಟಕ್ಕೆ ಹೊತ್ತಾದರೆ ಹೀಗೆಯೇ ಮಾಡುತ್ತಿದ್ದರು. ವತ್ಸಲಾಬಾಯಿ ಆ ಸಿಟ್ಟನ್ನು ಸಹಿಸಿಕೊಂಡು ಅಲ್ಲಿಯೇ ಕೂತರು. ಅರ್ಧ ತಾಸು ಒರಗಿಸದೆ ನೆಟ್ಟಗೆ ಕೂಡಿಸಿರಬೇಕು ಎಂದು ಹೇಳಿ ರೂಪಾಲಿ ಅನುಜಾಗೆ ಫೋನು ಮಾಡಲು ಪಡಸಾಲೆಗೆ ಹೋದಳು. ಅನೂಪನೂ ಅವಳ ಹಿಂದೆ ಹೋದ. ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು. ಮಾಳಿಗೆಯ ಮೇಲಿಂದ ರೇಣುಕವ್ವ ಕಾಗೆ ಓಡಿಸುವ ಸಪ್ಪಳ ಬರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರ ಮುಖ ತಾನಾಗಿ ಈ ಕಡೆ ಹೊರಳಿತು. ತುಟಿಯ ಎಡ ಮೂಲೆಯಲ್ಲಿ ಸೀಕರಣಿಯ ಹಳದಿ ಅಂಟಿತ್ತು. ವತ್ಸಲಾಬಾಯಿ ಒರೆಸಲೆಂದು ಬಟ್ಟೆ ಎತ್ತಿದರು. ಅಷ್ಟರಲ್ಲಿ ನಾಲಗೆಯ ತುದಿ ಹೊರಬಂತು. ತಡವರಿಸುತ್ತ, ದಾರಿ ತಪ್ಪಿ ಮೊದಲು ಮೇಲಿನ ತುಟಿಗೆ ಹೋಗಿ, ಅಲ್ಲಿಂದ ಮೆಲ್ಲಗೆ ಆ ಮೂಲೆಯ ಕಡೆ ಹೊರಟಿತು. ಬಟ್ಟೆ ಹಿಡಿದ ಕೈಯನ್ನು ವತ್ಸಲಾಬಾಯಿ ಹಾಗೆಯೇ ತಡೆದು ಹಿಡಿದರು.