ಮಿಠ್ಠು ಕರೆದದ್ದು ಯಾರನ್ನು?

ಮುಂಬಯಿ ಪಕ್ಕದ ಠಾಣೆಯ ಮಾಜಿವಾಡಾದಲ್ಲಿ ಒಂದು ಬಿಲ್ಡಿಂಗಿನ ಐದನೇ ಮಾಳಿಗೆಯಲ್ಲಿ ಸ್ವರ್ಣಲತಾ ಅವರ ಮನೆ. ಗಂಡ ಲೀಲಾಧರ ಬೆಳಗ್ಗೆ ಹೋಟೆಲಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಹಗಲೆಲ್ಲ ಅವರಿಗೆ ಜೊತೆ ಎಂದರೆ ಬಾಲ್ಕನಿಯ ಪಂಜರದಲ್ಲಿದ್ದ ಗಿಳಿ ಮಿಠ್ಠು. "ಊಟ ಆಯ್ತಾ?" ಎಂದು ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಅವರನ್ನು ಹಾಗೆ ಕೇಳುವವರು ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ.

ಈಚೆಗೆ ಮಿಠ್ಠು ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳತೊಡಗಿತು. ಸ್ವರ್ಣಲತಾ ಅರಸಿನ ಹಚ್ಚಿ ನೋಡಿದರು. ಬೇಸರ ಕಳೆಯಲಿ ಎಂದು ಪಂಜರದೊಳಗೆ ಸಣ್ಣ ಕನ್ನಡಿ ತೂಗುಹಾಕಿದರು. ಗಿಳಿ ತಾನು ತಿಂದದ್ದನ್ನು ಕಕ್ಕಿ ಕನ್ನಡಿಯೊಳಗಿನ ಗಿಳಿಗೆ ತಿನ್ನಿಸಲು ಹೋಯಿತು. ಕಡೆಗೆ ಪಕ್ಕದ ಮನೆಯ ಪ್ರೇಕ್ಷಾಳನ್ನು ಕರೆದರು. ಅವಳು ಪಶುವೈದ್ಯೆ.

"ಚರ್ಮಕ್ಕೆ ಏನೂ ಆಗಿಲ್ಲ ಆಂಟಿ. ಇದಕ್ಕೆ ಒಂಟಿತನ. ಇವು ಗುಂಪಲ್ಲಿ ಬದುಕೋ ಹಕ್ಕಿಗಳು. ಒಟ್ಟಿಗೆ ಹಾರ್ತವೆ, ಒಟ್ಟಿಗೆ ಮಲಗ್ತವೆ. ಒಂದನ್ನೇ ಕೂಡಿಹಾಕಿದ್ರೆ ಅದರ ಸ್ವಭಾವವೇ ಕೆಟ್ಟುಹೋಗ್ತದೆ. ಮತ್ತೆ, ನಮ್ಮ ದೇಶದ ಗಿಳಿ ಸಾಕೋದು ಕಾನೂನಿಗೂ ವಿರುದ್ಧ."

"ಎಂತ ಮಾರಾಯ್ತಿ, ಒಂಟಿ ಅಂತೆ. ನಾನಿಲ್ವಾ? ಖುಷಿ ಇಲ್ದಿದ್ರೆ ಅದು ಇಷ್ಟು ಮಾತಾಡ್ತದಾ?"

"ಮಾತಾಡ್ಲಿಕ್ಕೆ ಅದಕ್ಕೆ ಬೇರೆ ಗಿಳಿ ಇಲ್ಲ ಆಂಟಿ. ಹಾಗಾಗಿ ನಿಮ್ಮ ಮಾತು ಕಲಿತಿದೆ."

ಗಿಳಿ ಮಾರುವವನು ಇದನ್ನೆಲ್ಲ ಹೇಳುವುದಿಲ್ಲ ಬಿಡಿ. ಸ್ವರ್ಣಲತಾ ಒಪ್ಪದೆ, ಚಾ ಮಾಡಲು ಎದ್ದರು.

ಇಬ್ಬರೂ ಚಾ ಕುಡಿಯುತ್ತಿದ್ದಾಗ ಗಿಳಿಗಳ ಹಿಂಡೊಂದು ಕಿರುಚುತ್ತಾ ಬಂದು ಎದುರಿನ ಮರದಲ್ಲಿ ಕೂತಿತು. ಮಿಠ್ಠು ಸರಳಿಗೆ ಜೋತುಬಿದ್ದು ರೆಕ್ಕೆ ಬಡಿಯಿತು. ಹಿಂಡಿನ ಕಡೆ ಕುತ್ತಿಗೆ ಚಾಚಿ ಜೋರಾಗಿ ಕೂಗಿತು. "ಊಟ ಆಯ್ತಾ? ಊಟ ಆಯ್ತಾ?"

ಮರದಿಂದ ಉತ್ತರ ಬರಲಿಲ್ಲ. ಹಿಂಡು ಹಾರಿಹೋದ ಮೇಲೂ ಅದು ಕೇಳುತ್ತಲೇ ಇತ್ತು.

ಸ್ವರ್ಣಲತಾ ಲೋಟ ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು. "ಅಯ್ಯೋ ಪಾಪ. ತನ್ನವರನ್ನು ಕರೀಲಿಕ್ಕೂ ಬಾರದ ಹಾಗೆ ಮಾಡಿಬಿಟ್ಟೆನಲ್ಲ ನಾನು. ಈಗ್ಲೇ ಬಾಗಿಲು ತೆಗೆದುಬಿಡ್ಲಾ?"

"ಬೇಡ. ಅದಕ್ಕೆ ಹಾರಿ ಅಭ್ಯಾಸ ಇಲ್ಲ, ಕಾಗೆಗಳು ಕುಕ್ಕಿ ಕೊಲ್ತವೆ. ಅರಣ್ಯ ಇಲಾಖೆಗೆ ಫೋನ್ ಮಾಡುವ. ಅವರು ರೆಸ್ಕ್ಯೂ ಸೆಂಟರಿಗೆ ಒಯ್ತಾರೆ."

ಮನೆಗೆ ಬಂದ ಲೀಲಾಧರ ತಕರಾರು ತೆಗೆದರು. "ಅದನ್ನು ಕೊಟ್ರೆ ಹಗಲಿಡೀ ನೀನೊಬ್ಳೇ ಆಗ್ತೀಯಲ್ಲ?"

"ನನಗೆ ಬೇಜಾರಾದ್ರೆ ಲಿಫ್ಟಲ್ಲಿ ಇಳಿದು ನಾಲ್ಕು ಜನರ ಹತ್ರ ಮಾತಾಡ್ತೇನೆ. ಅದೆಲ್ಲಿಗೆ ಹೋಗ್ಬೇಕು?"

ಮರುದಿನ ಇಲಾಖೆಗೆ ಫೋನ್ ಮಾಡಿದವರು ಲೀಲಾಧರರೇ.

ಸೆಂಟರಿನಲ್ಲಿ ಮಿಠ್ಠು ಮೊದಮೊದಲು ಮೂಲೆ ಹಿಡಿದು ಕೂತಿತ್ತಂತೆ. ಈಗ ಬೇರೆ ಗಿಳಿಗಳ ಪಕ್ಕ ಕೂರುತ್ತದೆ, ಸ್ವಲ್ಪ ದೂರ ಹಾರುತ್ತದೆ. ಹೊರಗೆ ಬಿಡಬಹುದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸ್ವರ್ಣಲತಾ ಅವರಿಗೆ ಅದಿಲ್ಲದೆ ಬೇಸರವಾಗುತ್ತದೆ, ಅದನ್ನು ಅವರು ಮುಚ್ಚಿಡುವುದಿಲ್ಲ.

ನಿಮ್ಮ ಮನೆಯಲ್ಲಿ ಪಂಜರದ ಗಿಳಿ ಇದ್ದರೆ ಸುಮ್ಮನೆ ಬಾಗಿಲು ತೆರೆದು ಬಿಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಹೊಸದಾಗಿ ತರುವ ಯೋಚನೆ ಇದ್ದರೆ ಇವತ್ತೇ ಕೈಬಿಡಿ. ನಿಮ್ಮ ಜೊತೆ ಮಾತಾಡುವ ಗಿಳಿ ತನ್ನ ಬಳಗವನ್ನು ಕಳೆದುಕೊಂಡ ಗಿಳಿ.