ಎರಡು ಗೀಟು

ಐದನೆಯ ಸಲ ಕಾರ್ಮಿಕ ಕಚೇರಿಯ ಆ ಕಿಟಕಿಯ ಮುಂದೆ ನಿಂತಾಗ ಇಸ್ತ್ರಿ ಅಕ್ಕನಿಗೆ ಹೆದರಿಕೆಯೇನೂ ಇರಲಿಲ್ಲ. ಇದ್ದ ಹೆದರಿಕೆಯೆಲ್ಲ ಮೊದಲ ನಾಲ್ಕು ಸಲಕ್ಕೇ ಖರ್ಚಾಗಿಹೋಗಿತ್ತು. ಮೊದಲ ಸಲ ಬಂದಾಗ ಫೋಟೋ ದೊಡ್ಡದಾಯಿತು ಎಂದಿದ್ದರು. ಎರಡನೆಯ ಸಲ ಫೋಟೋ ಸರಿಯಿತ್ತು, ಅರ್ಜಿಯ ನಮೂನೆಯೇ ಬದಲಾಗಿತ್ತು. ಮೂರನೆಯ ಸಲ ಬೆರಳಚ್ಚಿನ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಇಪ್ಪತ್ತಮೂರು ವರ್ಷ ಅಂಗಿ ಕಾರ್ಖಾನೆಯಲ್ಲಿ ಹಬೆ ಇಸ್ತ್ರಿಪೆಟ್ಟಿಗೆ ಹಿಡಿದವಳು ಅವಳು. ಕಾಲರಿನ ಮೂಲೆಯನ್ನು ಬಿಸಿಯಿರುವಾಗಲೇ ಒತ್ತಿ ಒತ್ತಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿ ಗಾಜಿನ ಹಾಗೆ ನುಣುಪಾಗಿದ್ದವು.

"ನಿಮಗೆ ಬೆರಳೇ ಇಲ್ವಲ್ಲಮ್ಮಾ," ಎಂದಿದ್ದ ಯಂತ್ರದವನು.

"ಹತ್ತಿವೆ, ಎಣಿಸ್ಕೋ," ಎಂದು ಅವಳು ಹತ್ತನ್ನೂ ಅವನ ಮುಖದ ಮುಂದೆ ಹಿಡಿದಿದ್ದಳು.

ನಾಲ್ಕನೆಯ ಸಲ ಯಂತ್ರಕ್ಕೆ ಏನನ್ನಿಸಿತೋ, ಎಡಗೈಯ ಕಿರುಬೆರಳನ್ನು ಒಪ್ಪಿಕೊಂಡಿತು. ಮೂರು ವಾರ ಬಿಟ್ಟು ಬನ್ನಿ, ಆದೇಶ ಬಂದಿರುತ್ತದೆ ಎಂದರು.

ಕಾರ್ಖಾನೆಗೆ ಬೀಗ ಬಿದ್ದು ಆಗಲೇ ಹತ್ತು ವಾರವಾಗಿತ್ತು. ಕೆಲಸ ಹೋದವರಿಗೆ ಆರು ತಿಂಗಳು ಸರ್ಕಾರದ ನಿರುದ್ಯೋಗ ಭತ್ಯೆ ಸಿಗುತ್ತದೆ ಎಂಬ ಒಂದೇ ಮಾತನ್ನು ನೆಚ್ಚಿಕೊಂಡು ಅಕ್ಕ ತನ್ನ ಎರಡು ಕೋಣೆಯ ಬಾಡಿಗೆ ಮನೆಯನ್ನು ಇನ್ನೂ ಬಿಟ್ಟಿರಲಿಲ್ಲ. ಒಂದು ಕೋಣೆ ಅವಳದು, ಇನ್ನೊಂದು ಅವಳ ಅತ್ತೆಯದು. ಗಂಡ ತೀರಿಕೊಂಡು ಒಂಬತ್ತು ವರ್ಷವಾದರೂ ಅತ್ತೆ ಸೊಸೆ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ, ಜಗಳವನ್ನೂ ಬಿಟ್ಟಿರಲಿಲ್ಲ. ಈಗ ಭತ್ಯೆ ಬಂದರೆ ಮನೆ ಉಳಿಯುತ್ತದೆ. ಬರದಿದ್ದರೆ ಬರುವ ಭಾನುವಾರ ಭಾವ ಬಂದು ತಾಯಿಯನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಆ ಮನೆಯಲ್ಲಿ ಮುದುಕಿ ಕೆಮ್ಮಿದರೂ ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಅತ್ತೆಗೂ ಗೊತ್ತು, ಸೊಸೆಗೂ ಗೊತ್ತು.

ಕಿಟಕಿಯ ಹಿಂದಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಅಕ್ಕನ ಮುಖ ನೋಡಿ, ಮತ್ತೆ ಕಂಪ್ಯೂಟರ್ ನೋಡಿದಳು.

"ನಿಮ್ಮದು ತಿರಸ್ಕಾರ ಆಗಿದೆಯಮ್ಮಾ."

"ಯಾವ ಬೆರಳು?"

"ಬೆರಳಲ್ಲ, ಅರ್ಜಿ. ತೆಗೆದುಹಾಕಿದವರಿಗೆ ಮಾತ್ರ ಭತ್ಯೆ. ತಾವಾಗಿ ಕೆಲಸ ಬಿಟ್ಟವರಿಗೆ ಇಲ್ಲ."

"ಯಾರು ಬಿಟ್ಟಿದ್ದು ಮೇಡಂ? ಕಾರ್ಖಾನೆ ಬಾಗಿಲಿಗೆ ಇಷ್ಟು ದಪ್ಪ ಬೀಗ ಜಡ್ದಿದಾರೆ!"

"ಬೀಗ ಬಿದ್ದದ್ದು ಮೂವತ್ತಕ್ಕೆ. ನೀವು ಬಿಟ್ಟಿದ್ದು ಇಪ್ಪತ್ತೊಂಬತ್ತಕ್ಕೆ. ನೋಡಿ, ನಿಮ್ಮ ಕಾರ್ಖಾನೆಯವರೇ ಕಳಿಸಿದ ಪುಸ್ತಕದ ನಕಲು."

ಅವಳು ಒಂದು ಹಾಳೆಯನ್ನು ಗಾಜಿಗೆ ಆನಿಸಿ ಹಿಡಿದಳು. ಬಿಡುಗಡೆ ಪುಸ್ತಕದ ಪುಟ. ಮೊದಲನೆಯ ಸಾಲು ಅಕ್ಕನ ಹೆಸರಿನದು. ಅದರ ಮುಂದೆ 'ಕೆಲಸ ಬಿಡಲು ಕಾರಣ' ಎಂಬ ಅಂಕಣದಲ್ಲಿ ದುಂಡಗೆ, ಒತ್ತಿ, ಎರಡು ಪದ ಬರೆದಿತ್ತು: ಸ್ವಂತ ಕಾರಣ. ಅದರ ಕೆಳಗೆ ಪುಟದ ತುದಿಯವರೆಗೂ ಒಂದರ ಕೆಳಗೊಂದು ಎರಡೆರಡು ಪುಟ್ಟ ಗೀಟು. ಮೇಲಿನದೇ, ಮೇಲಿನದೇ, ಮೇಲಿನದೇ.

ಬರಹ ಅಕ್ಕನದೇ.

ಅಕ್ಕ ಕಿಟಕಿಯ ಕಟ್ಟೆ ಹಿಡಿದು ನಿಂತಳು. ಹಿಂದಿನವರು "ಮುಂದೆ ಹೋಗ್ರೀ" ಎಂದದ್ದೂ ಕೇಳಿಸಲಿಲ್ಲ.

ಆ ದಿನ ಹೇಗಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಊಟದ ಗಂಟೆ ಹೊಡೆಯುವ ಮುಂಚೆಯೇ ಯಂತ್ರಗಳನ್ನು ನಿಲ್ಲಿಸಿದ್ದರು. ನಾಳೆಯಿಂದ ಕೆಲಸವಿಲ್ಲ, ಎಲ್ಲರೂ ಸಾಲಾಗಿ ಬಂದು ರುಜು ಹಾಕಿ ಎಂದು ಹಾಜರಿ ಗುಮಾಸ್ತ ಪುಸ್ತಕ ಬಿಡಿಸಿ ನಿಂತಿದ್ದ. ಆ ಕಾರ್ಖಾನೆಯಲ್ಲಿ ಒಂದು ರೂಢಿ. ಓವರ್‌ಟೈಮ್ ಪುಸ್ತಕವಿರಲಿ, ಸೋಪು ಟವೆಲ್ಲು ಕೊಟ್ಟ ಪುಸ್ತಕವಿರಲಿ, ಹಳಬಳೆಂದು ಇಸ್ತ್ರಿ ಅಕ್ಕ ಮೊದಲು ನಿಲ್ಲಬೇಕು, ತಾರೀಕು ವಿವರ ಎಲ್ಲ ತುಂಬಬೇಕು. ಉಳಿದ ನಲವತ್ತೊಂದು ಜನ ಅವಳ ಬರಹದ ಕೆಳಗೆ ಎರಡೆರಡು ಗೀಟೆಳೆದು ರುಜು ಹಾಕಿ ಮುಂದೆ ಹೋಗಬೇಕು. ಸಾಲು ಬೇಗ ಸಾಗಲಿ ಎಂದು ಯಾವ ಕಾಲದಲ್ಲೋ ಮಾಡಿಕೊಂಡದ್ದು. ಮೇಲೆ ಏನಿದೆಯೆಂದು ಯಾರೂ ನೋಡುತ್ತಿರಲಿಲ್ಲ. ಅಕ್ಕ ಬರೆದ ಮೇಲೆ ನೋಡುವುದೇನು?

ಆ ದಿನ ಅಕ್ಕನ ಕಣ್ಣು ಮಂಜಾಗಿತ್ತು. ಕಾರಣ ಎಂಬ ಪದ ಕಂಡಿತು, ಕೈ ಬರೆಯಿತು. ರಜೆಯ ಚೀಟಿಯಲ್ಲೂ ಅದೇ ಪದವಿರುತ್ತಿತ್ತು, ಅದರ ಮುಂದೆ ಅವಳು ಬರೆಯುತ್ತಿದ್ದುದೂ ಇದೇ ಎರಡು ಪದ.

ಮರುದಿನ ಬೆಳಿಗ್ಗೆ ಗುಂಡಿಯವಳು ಮನೆಗೆ ನುಗ್ಗಿದಳು. ಅಂಗಿಗೆ ಗುಂಡಿ ಹಾಕುವ ಯಂತ್ರದಲ್ಲಿ ಕೂರುತ್ತಿದ್ದವಳು, ಬಾಯಿ ತೆರೆದರೆ ಆ ಯಂತ್ರಕ್ಕಿಂತ ಜೋರು. ಪುಸ್ತಕದಲ್ಲಿ ಅಕ್ಕನ ಕೆಳಗಿನ ಸಾಲು ಅವಳದೇ.

"ಕೇಳಿದ್ಯಾ ಅಕ್ಕಾ? ನಲವತ್ತೆರಡು ಜನಕ್ಕೂ ಇಲ್ವಂತೆ! ನಾವೇ ಬಿಟ್ವಂತೆ! ಆ ಮ್ಯಾನೇಜರ್ ಕೈ ಸೇದುಹೋಗ, ಏನೋ ಬರ್ಕೊಂಡಿದಾನೆ. ಗುರುವಾರ ವಿಚಾರಣೆ ಇಟ್ಟಿದಾರೆ. ನೀನು ಮುಂದೆ ನಿಂತು ಮಾತಾಡ್ಬೇಕು. ಯಾವನು ಬರ್ದ ಅಂತ ಗೊತ್ತಾಗ್ಲಿ, ಅವನ ಮೈ ಚರ್ಮಕ್ಕೆ ಗುಂಡಿ ಹಾಕ್ಬಿಡ್ತೀನಿ!"

ಅಕ್ಕ ಗೋಡೆಯ ಕಡೆ ತಿರುಗಿದಳು. "ಆಗ್ಲಿ," ಎಂದಳು.

ಅವಳು ಹೋದ ಮೇಲೆ ಅತ್ತೆ ಕೇಳಿದಳು, "ಏನೇ ಅದು, ನೀನು ಕಳ್ಳಿ ಥರ ಗೋಡೆ ನೋಡ್ತಾ ಇದ್ದೆ?"

"ಅದನ್ನ ಬರ್ದಿದ್ದು ನಾನೇ ಅತ್ತೆ."

ಮುದುಕಿ ಬಾಯಿಗೆ ಒಯ್ಯುತ್ತಿದ್ದ ಲೋಟ ನಡುದಾರಿಯಲ್ಲೇ ನಿಂತಿತು.

"ಏನಂದೆ?"

"ನಾನೇ. ಸ್ವಂತ ಕಾರಣ ಅಂತ. ಕೈ ಬರೀತು, ನಾನು ಬರೀಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ರಜಾ ಚೀಟೀಲಿ ಬೇರೆ ಏನಾದ್ರೂ ಬರ್ದಿದ್ರೆ ತಾನೆ? ನಿಮ್ಮ ಮಗ ತೀರ್ಕೊಂಡಾಗ ಹತ್ತು ದಿನ ರಜ ಹಾಕಿದ್ನಲ್ಲ, ಆಗ್ಲೂ ಅದನ್ನೇ ಬರ್ದಿದ್ದೆ."

ಅತ್ತೆ ಲೋಟವನ್ನು ಕೆಳಗಿಟ್ಟಳು.

"ಹೋಗಿ ಹೇಳು," ಎಂದಳು.

"ಹೇಳಿದ್ರೆ ನಲವತ್ತೊಂದು ಜನ ನನ್ನ ಹರ್ಕೊಂಡು ತಿಂತಾರೆ."

"ತಿನ್ಲಿ ಬಿಡು. ನಿನ್ನ ಮೈಮೇಲೆ ತಿನ್ನೋಕೇನಿದೆ, ಮೂಳೆ ಕಚ್ಚಿ ಹಲ್ಲು ಮುರ್ಕೊಂಡು ಹೋಗ್ತಾರೆ."

ವಿಚಾರಣೆಯ ಕೋಣೆ ಉದ್ದವಾಗಿತ್ತು. ಬೆಂಚುಗಳು ಸಾಲದೆ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು. ಮೇಜಿನ ಹಿಂದೆ ಕೂತ ಅಧಿಕಾರಿ ವಯಸ್ಸಾದವನು. ದೂರ ನೋಡಲು ಒಂದು ಕನ್ನಡಕ, ಓದಲು ಒಂದು. ಎರಡನ್ನೂ ಬದಲಾಯಿಸಿ ಬದಲಾಯಿಸಿ ಅವನ ಮೂಗಿನ ಮೇಲೆ ಕೆಂಪು ಗುರುತಾಗಿತ್ತು. ಕಾರ್ಖಾನೆಯ ಕಡೆಯಿಂದ ಯಾರೂ ಬಂದಿರಲಿಲ್ಲ. ಹಾಜರಿ ಗುಮಾಸ್ತ ಊರು ಬಿಟ್ಟಿದ್ದ, ವಿಳಾಸವಿರಲಿಲ್ಲ.

"ಇದು ಯಾರು ಬರೆದದ್ದು?" ಎಂದು ಅಧಿಕಾರಿ ಪುಸ್ತಕವನ್ನೆತ್ತಿ ತೋರಿಸಿದ.

"ಮ್ಯಾನೇಜರ್!" ಎಂದು ನಾಲ್ಕಾರು ಗಂಟಲು ಒಟ್ಟಿಗೆ ಕೂಗಿದವು.

ಅಕ್ಕ ಎದ್ದು ನಿಂತಳು. "ನಾನು ಸಾರ್."

ಅವಳು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದಳು. ರಜೆಯ ಚೀಟಿ, ಸಾಲಿನ ರೂಢಿ, ಮೇಲೆ ನೋಡದೆ ಎಳೆಯುವ ಗೀಟು. ಹೇಳಿ ಮುಗಿಸಿದಾಗ ಹಿಂದಿನಿಂದ ಯಾರೋ, "ಅಯ್ಯೋ ನಮ್ಮ ಹೊಟ್ಟೆ ಮೇಲೆ ಹೊಡೆದ್ಯಲ್ಲೇ ತಾಯಿ!" ಎಂದರು. ಗುಂಡಿಯವಳ ಬಾಯಿ ತೆರೆದದ್ದು ತೆರೆದೇ ಇತ್ತು, ಸದ್ದು ಬರಲಿಲ್ಲ. ಅವಳನ್ನು ಹಾಗೆ ಯಾರೂ ಕಂಡಿರಲಿಲ್ಲ.

ಅಧಿಕಾರಿ ಎರಡು ಕನ್ನಡಕವನ್ನೂ ತೆಗೆದಿಟ್ಟು ಕಣ್ಣುಜ್ಜಿಕೊಂಡ. ಆಮೇಲೆ ಓದುವ ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ತಿರುವಿದ. ತಿರುವುತ್ತಲೇ ಇದ್ದ. ಕೊನೆಗೆ ಒಂದು ಪುಟದ ಮೇಲೆ ಬೆರಳಿಟ್ಟ.

"ಗೀಟು ಬರಹ ಅಲ್ಲ. ನೋಡದೆ ಎಳೆದಿದ್ದರೆ ಅದನ್ನ ಕಾರಣ ಅಂತ ತಗೊಳ್ಳೋಕಾಗಲ್ಲ. ಈಯಮ್ಮ ಸಾಕ್ಷಿ ಹೇಳಿದಾರೆ. ನೀವೆಲ್ಲ ಒಂದೊಂದು ಹೇಳಿಕೆ ಬರೆದುಕೊಡಿ. ಮೇಲಿನ ಸಾಲಿನಲ್ಲಿ ಏನಿತ್ತು ಅಂತ ನಾನು ನೋಡಿಲ್ಲ, ಅಭ್ಯಾಸದಿಂದ ಗುರುತು ಹಾಕಿದೆ ಅಂತ. ಈ ವಾರವೇ ಭತ್ಯೆ ಬರುತ್ತೆ."

ಒಂದು ಕ್ಷಣ ಯಾರೂ ನಂಬಲಿಲ್ಲ. ಆಮೇಲೆ ಎಲ್ಲರೂ ಮೇಜಿನ ಕಡೆ ನುಗ್ಗಿದರು. ಗುಂಡಿಯವಳು ಮೊದಲು ಬರೆದಳು. ಎರಡನೆಯವನು, ಬಟ್ಟೆ ಕತ್ತರಿಸುವವನು, ಅವಳಿಂದ ಪೆನ್ನು ಕಿತ್ತುಕೊಂಡು ಅವಳ ಬರಹದ ಕೆಳಗೆ ಸರಕ್ಕನೆ ಎರಡು ಗೀಟೆಳೆದ.

"ಏಯ್!" ಎಂದು ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟ. "ಪೂರ್ತಿ ಬರೀರಯ್ಯಾ! ಒಬ್ಬೊಬ್ಬರೂ ಬೇರೆ ಬೇರೆ ಹಾಳೇಲಿ ಬರೀರಿ!"

ಇಡೀ ಕೋಣೆ ನಕ್ಕಿತು. ಅಕ್ಕನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಎಲ್ಲರದೂ ಮುಗಿದ ಮೇಲೆ ಅವಳೂ ಒಂದು ಹಾಳೆಗೆ ಕೈ ಚಾಚಿದಳು.

"ನಿಮಗೆ ಬೇಡಮ್ಮಾ," ಎಂದ ಅಧಿಕಾರಿ ಮೆಲ್ಲಗೆ. "ನಿಮ್ಮದು ಗೀಟಲ್ಲ. ಬರಹ."

"ನಾನೂ ಅಭ್ಯಾಸದಿಂದಾನೇ ಬರ್ದಿದ್ದು ಸಾರ್. ಈಗ್ಲೇ ಹೇಳಿದ್ನಲ್ಲ."

"ಹೇಳಿದ್ರಿ. ಆ ಮಾತು ಅವರಿಗೆ ಸಾಕ್ಷಿ ಆಯ್ತು. ನಿಮ್ಮ ಮಾತೇ ನಿಮಗೆ ಸಾಕ್ಷಿ ಆಗಲ್ಲ. ಓದದೆ, ಯೋಚನೆ ಮಾಡದೆ ಬರೆದ್ರಿ ಅಂತ ಆಗ ಕಣ್ಣಾರೆ ಕಂಡವರು ಒಬ್ಬರು ಹೇಳಬೇಕು. ಒಬ್ಬರು ಸಾಕು."

"ಇಷ್ಟು ಜನ ಇದ್ರಲ್ಲ ಸಾರ್ ನನ್ನ ಹಿಂದೆ!"

ಅಧಿಕಾರಿ ತನ್ನ ಮುಂದಿದ್ದ ನಲವತ್ತೊಂದು ಹಾಳೆಗಳ ಮೇಲೆ ಕೈಯಿಟ್ಟ. "ಇಷ್ಟೂ ಜನ ಈಗ ತಾನೆ ಏನೂ ನೋಡಿಲ್ಲ ಅಂತ ಬರೆದುಕೊಟ್ಟಿದಾರೆ."

ನಗುತ್ತಿದ್ದ ಮುಖಗಳೆಲ್ಲ ಹಾಗೆಯೇ ಕಲ್ಲಾದವು. ಕತ್ತರಿಯವನು ತನ್ನ ಕೈಯನ್ನೇ ನೋಡಿಕೊಂಡ. ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳೇ ತಂದುಕೊಟ್ಟ ಬಿಡುಗಡೆ, ಅವಳ ಬಾಗಿಲನ್ನೇ ಹೊರಗಿನಿಂದ ಹಾಕಿತ್ತು.

"ನಾನು ನೋಡಿದೆ ಸಾರ್!" ಗುಂಡಿಯವಳು ಎದ್ದಿದ್ದಳು. "ಇವಳ ಹಿಂದೇನೇ ಇದ್ದೆ. ಕಣ್ಣಲ್ಲಿ ನೀರು ಸುರೀತಿತ್ತು, ಪುಸ್ತಕ ನೋಡ್ದೇನೇ ಬರೆದ್ಲು. ನಾನು ಕಂಡೆ, ಆಣೆ ಮಾಡಿ ಹೇಳ್ತೀನಿ."

"ಕಂಡಿದ್ದರೆ ನಿಮ್ಮ ಹೇಳಿಕೆ ಸುಳ್ಳಾಯ್ತು," ಎಂದ ಅಧಿಕಾರಿ. ಹಾಳೆಗಳ ನಡುವಿನಿಂದ ಅವಳದನ್ನು ಹುಡುಕಿ ತೆಗೆದ. "ಇದನ್ನ ಹರೀಬೇಕಾಗುತ್ತೆ. ನಿಮ್ಮ ಭತ್ಯೆ ಹೋಗುತ್ತೆ. ಯೋಚನೆ ಮಾಡಿ ಹೇಳಿ."

ಗುಂಡಿಯವಳ ಮನೆಯಲ್ಲಿ ಮೂರು ಮಕ್ಕಳು. ಕೊನೆಯದಕ್ಕೆ ಇನ್ನೂ ಹಾಲುಹಲ್ಲು. ಆದರೂ ಅವಳು ಕೂರಲಿಲ್ಲ. "ಹರೀರಿ," ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಅವಳ ಹೆಗಲ ಮೇಲೆ ಒಂದು ಕೈ ಬಿತ್ತು. ಇಪ್ಪತ್ತಮೂರು ವರ್ಷ ಇಸ್ತ್ರಿಪೆಟ್ಟಿಗೆ ಒತ್ತಿದ ಕೈ. ಅದು ಒತ್ತಿದರೆ ಕೂರದೆ ಗತಿಯಿಲ್ಲ. ಗುಂಡಿಯವಳು ದೊಪ್ಪನೆ ಬೆಂಚಿನ ಮೇಲೆ ಕೂತಳು.

"ಇವಳ ಮಾತು ಕೇಳ್ಬೇಡಿ ಸಾರ್," ಎಂದಳು ಅಕ್ಕ. "ಇವಳು ಆಗ ಹಿಂದೆ ತಿರುಗಿ ಯಾರನ್ನೋ ಬಯ್ತಾ ಇದ್ಲು. ಏನೂ ನೋಡಿಲ್ಲ."

"ಅಕ್ಕಾ, ನಿನ್ನ ತಲೆ ಕೆಟ್ಟಿದ್ಯಾ?"

"ಸುಮ್ನೆ ಕೂತ್ಕೊಳ್ಳೇ."

ಅಧಿಕಾರಿ ಕನ್ನಡಕ ತೆಗೆದು ಅವರಿಬ್ಬರನ್ನೂ ಬರಿಗಣ್ಣಲ್ಲೇ ನೋಡಿದ. ಪೆನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಅಕ್ಕನ ಅರ್ಜಿಯ ಮೇಲೆ ತಿರಸ್ಕಾರವೆಂದು ಬರೆದು, ಮೇಲ್ಮನವಿ ಹಾಕಿಕೊಳ್ಳಬಹುದು, ನಾಲ್ಕು ತಿಂಗಳು ಹಿಡಿಯುತ್ತದೆ ಎಂದ. ಅವನ ದನಿ ಅವನಿಗೇ ಕೇಳಿಸಬಾರದು ಎನ್ನುವಷ್ಟು ಸಣ್ಣದಾಗಿತ್ತು.

ಅವಳು ಮನೆ ಮುಟ್ಟಿದಾಗ ಅತ್ತೆ ಹೊಸಿಲ ಮೇಲೆ ಕೂತಿದ್ದಳು.

"ಎಲ್ರಿಗೂ ಬಂತಾ?"

"ಬಂತು."

"ನಿನಗೆ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ನಡೆದದ್ದನ್ನು ಹೇಳಿದಳು. ಮುದುಕಿ ಗಲ್ಲದ ಮೇಲೆ ಕೈಯಿಟ್ಟುಕೊಂಡು ಬೀದಿಯನ್ನೇ ನೋಡುತ್ತ ಕೂತಳು.

"ದೊಡ್ಡವನಿಗೆ ಫೋನ್ ಮಾಡು," ಎಂದಳು.

ಇಷ್ಟು ಬೇಗ ಕೇಳುತ್ತಾಳೆಂದು ಅಕ್ಕ ಅಂದುಕೊಂಡಿರಲಿಲ್ಲ. ನುಣುಪು ಬೆರಳಿಗೆ ಫೋನಿನ ಗುಂಡಿಗಳು ಜಾರಿದವು. ಭಾವನ ದನಿ ಬರುತ್ತಿದ್ದ ಹಾಗೇ ಅತ್ತೆ ಫೋನನ್ನು ಕಸಿದುಕೊಂಡಳು.

"ಲೋ, ನಾನು ಕಣೋ. ಭಾನುವಾರ ಬರ್ಬೇಡ. ಇಲ್ಲ, ದುಡ್ಡು ಬರ್ಲಿಲ್ಲ. ಮುಂದಿನ ಕೋಣೆ ಬಿಟ್ಟುಕೊಡ್ತಾ ಇದೀವಿ, ಬಾಡಿಗೆ ಅರ್ಧ ಆಗುತ್ತೆ, ನಮಗೆ ಒಂದು ಸಾಕು. ಯಾಕೆ ಅಂದ್ರೆ? ನನ್ನಿಷ್ಟ. ಇಡು ಫೋನು."

ಅಕ್ಕ ಕಂಬದ ಹಾಗೆ ನಿಂತಿದ್ದಳು. ಒಂದೇ ಕೋಣೆಯಲ್ಲಿ ಇಬ್ಬರೂ ಒಂದು ರಾತ್ರಿಯೂ ಮಲಗಿದವರಲ್ಲ. ಮಲಗಿದರೆ ಬೆಳಗಾಗುವುದರೊಳಗೆ ಒಬ್ಬರು ಉಳಿಯುವುದಿಲ್ಲ ಎಂದು ಅತ್ತೆಯೇ ಊರೆಲ್ಲ ಹೇಳಿಕೊಂಡು ಬಂದಿದ್ದಳು.

"ಅತ್ತೆ, ನೀವು..."

"ಬಾಯಿ ಮುಚ್ಚು, ನೊಣ ಹೋಗುತ್ತೆ. ನೀನು ಗೊರಕೆ ಹೊಡೆದ್ರೆ ಮಾತ್ರ ನೀರು ಹಾಕ್ತೀನಿ, ಮೊದ್ಲೇ ಹೇಳಿದೀನಿ." ಮುದುಕಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ನಡೆದಳು. "ಏನು ನಿಂತಿದೀಯಾ? ಬಾ, ಮಂಚದ ಆ ತುದಿ ಹಿಡಿ."