ಕೈ ಬಿಟ್ಟರೆ ಎಡಕ್ಕೆ

ಹಲ್ಲಿನ ಡಾಕ್ಟರು ಬಾಗಿಲ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ರಿಮೋಟಿನಲ್ಲಿ ಓಡುವ ಪುಟ್ಟ ಬಗ್ಗಿ ಕಾರಿನ ಚಕ್ರಗಳ ಸಂದಿಯಲ್ಲಿದ್ದ ಮಣ್ಣನ್ನು ಕೆರೆಯುತ್ತಿದ್ದರು. ಒಳಗೆ ನಡುಮನೆಯಲ್ಲಿ ಆ ಬಗ್ಗಿಯ ಯಜಮಾನ ಕುತ್ತಿಗೆಯವರೆಗೂ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕೊನೆಯ ಸಲ ನೋಡಲು ಬಂದವರೆಲ್ಲ ಡಾಕ್ಟರನ್ನು ಬಳಸಿಕೊಂಡೇ ಒಳಗೆ ಹೋಗಬೇಕಾಗಿತ್ತು.

"ಸಾವಿನ ಮನೇಲಿ ಇದೇನ್ರೀ ನಿಮ್ದು, ಆಟದ ಸಾಮಾನು ಹರಡ್ಕೊಂಡು? ದಾರಿ ಬಿಡಿ," ಎಂದಳು ಸತ್ತವನ ಹೆಂಡತಿಯ ಅಕ್ಕ. ಆಕೆಯ ಬಾಯಿಗೆ ಹೆದರಿ ಬೀದಿನಾಯಿಗಳೂ ದಾರಿ ಬಿಡುತ್ತಿದ್ದವು.

ಡಾಕ್ಟರು ಅರ್ಧ ಅಂಗುಲ ಸರಿದರು. "ಇದು ನಮ್ಮ ರೇಸಿನವರ ಪದ್ಧತಿ ಅಮ್ಮ. ನಮ್ಮಲ್ಲಿ ಯಾರಾದ್ರೂ ಹೋದ್ರೆ, ಅವರನ್ನ ಎತ್ತೋ ಮುಂಚೆ ಅವರ ಗಾಡಿ ಒಂದು ಸಲ ಓಡ್ಬೇಕು. ಮನೆಯವರೇ ಓಡಿಸ್ಬೇಕು."

"ಮನೆಯವರು ಅಂದ್ರೆ ಇವಳೊಬ್ಳೇ. ಇವಳಿಗೆ ಮಿಕ್ಸಿ ಗುಂಡಿ ತಿರುಗಿಸೋಕೇ ಭಯ."

"ನಾನೇ ಓಡಿಸ್ತೀನಿ ಡಾಕ್ಟ್ರೇ," ಎಂಬ ದನಿ ಒಳಗಿನಿಂದ ಬಂತು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಅವಳ ಗಂಡ ಜೀವಮಾನವೆಲ್ಲ ನಗರದ ಬಸ್ಸು ಓಡಿಸಿದವನು. ವಾರವೆಲ್ಲ ಓಡಿಸಿದ್ದು ಸಾಲದು ಎಂಬಂತೆ ರಜೆಯ ದಿನ ಮೈದಾನಕ್ಕೆ ಹೋಗಿ ಈ ಮೊಳದುದ್ದದ ರಿಮೋಟ್ ಬಗ್ಗಿಯನ್ನು ಓಡಿಸುತ್ತಿದ್ದ. ಜೊತೆಯವರು ಹೊಸ ಮಾಡೆಲ್ ಬಂದಾಗಲೆಲ್ಲ ಹಳೆಯದನ್ನು ಬಿಸಾಕಿ ಹೊಸದನ್ನು ತರುತ್ತಿದ್ದರು. ಅವು ಸೊಳ್ಳೆಯ ಹಾಗೆ ಗುಂಯ್ ಎಂದು ಹೋದರೆ, ಇವನ ಬಗ್ಗಿ ಗಂಟಲು ಕಟ್ಟಿದವರ ಹಾಗೆ ಗರಗರ ಎನ್ನುತ್ತ ಹಿಂದೆ ಬರುತ್ತಿತ್ತು. ಯಾವಾಗಲೂ ಕೊನೆ. ಅದಕ್ಕೇ ಅವನಿಗೆ ಕೊನೇ ಬಸ್ಸು ಎಂಬ ಹೆಸರು ಬಿದ್ದಿತ್ತು. ಅವನಿಗೇನೂ ಬೇಜಾರಿರಲಿಲ್ಲ. "ಕೊನೇ ಬಸ್ಸು ಇದ್ರೇನೇ ಕಣ್ರಪ್ಪಾ ಎಲ್ರೂ ಮನೆ ಸೇರೋದು," ಎನ್ನುತ್ತಿದ್ದ.

ಹೆಂಡತಿಗೆ ಡಾಕ್ಟರ ಹತ್ತಿರ ಇನ್ನೊಂದು ಮಾತು ಹೇಳುವುದಿತ್ತು. ರಿಮೋಟಿನಲ್ಲಿರುವ ಆ ಸಣ್ಣ ಗುಂಡಿಯನ್ನು ಮಾತ್ರ ಮುಟ್ಟಬೇಡಿ ಎಂದು ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಗಂಡನ ಜೊತೆ ಕೆಲಸ ಮಾಡಿದ್ದ ಮುದಿ ಕಂಡಕ್ಟರು ಬಂದು, ಅವಳ ಎರಡೂ ಕೈ ಹಿಡಿದು, ಮಗುವಿನಂತೆ ಅಳತೊಡಗಿದ. ಅವನನ್ನು ಸಮಾಧಾನ ಮಾಡುತ್ತ ಒಳಗೆ ಕರೆದುಕೊಂಡು ಹೋದಳು. ಗುಂಡಿಯ ಮಾತು ಹೇಳದೇ ಉಳಿಯಿತು.

*

ರಿಮೋಟಿನ ಸ್ಟೀರಿಂಗ್ ಚಕ್ರದ ಕೆಳಗೆ ಕಡಲೆಕಾಳಿನಷ್ಟು ಇತ್ತು ಆ ಗುಂಡಿ. ಸ್ಟೀರಿಂಗಿನಿಂದ ಕೈ ತೆಗೆದಾಗ ಬಗ್ಗಿ ನೇರ ಹೋಗಬೇಕೋ ಒಂದು ಕಡೆಗೆ ವಾಲಬೇಕೋ ಎಂಬುದು ಅದರ ಕೆಲಸ. ಅದನ್ನು ಕೊನೆಯದಾಗಿ ತಿರುಗಿಸಿದವನು ಅವರ ಮಗ.

ಆಗ ಅವನಿಗೆ ಮೀಸೆ ಚಿಗುರುವ ವಯಸ್ಸು. ಅಪ್ಪ ಮಗ ಸೇರಿ ಊಟದ ಮೇಜನ್ನೇ ಗ್ಯಾರೇಜು ಮಾಡಿಕೊಂಡಿದ್ದರು. ಅನ್ನದ ಪಾತ್ರೆ ಇಡಲು ಜಾಗವಿಲ್ಲದೆ ಅವಳು ಸೌಟು ಹಿಡಿದು ನಿಂತಿದ್ದಳು.

"ಅಪ್ಪಾ, ಮೈದಾನದಲ್ಲಿ ತಿರುವೆಲ್ಲ ಎಡಕ್ಕೇ ಅಲ್ವಾ? ಅದಕ್ಕೇ ಮೊದ್ಲೇ ಚೂರು ಎಡಕ್ಕೆ ವಾಲಿಸಿಟ್ಟಿದ್ದೀನಿ. ಅರ್ಧ ಕೆಲಸ ಬಗ್ಗೀನೇ ಮಾಡ್ಕೊಳ್ಳುತ್ತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀನು ನೆಲ ಬಿಟ್ಟು ಗಾಡೀನೇ ಡೊಂಕು ಮಾಡಿದ್ಯಲ್ಲೋ!" ಎಂದಿದ್ದ ಅಪ್ಪ.

ಮೂವರೂ ನಕ್ಕಿದ್ದರು. ಆ ವಾರವೇ ಹುಡುಗನಿಗೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದವನು ಮತ್ತೆ ನಡೆದು ಬರಲಿಲ್ಲ.

ಅಪ್ಪ ಎಷ್ಟೋ ತಿಂಗಳ ಮೇಲೆ ರಿಮೋಟು ಕೈಗೆತ್ತಿಕೊಂಡ. ಗುಂಡಿಯನ್ನು ಮುಟ್ಟಲಿಲ್ಲ. ಆಮೇಲೆ ಮೈದಾನ ಬದಲಾಯಿತು, ತಿರುವುಗಳು ಬಲಕ್ಕೂ ಬಂದವು, ಎದುರಿಗೆ ಹೊಸ ಹೊಸ ಬಗ್ಗಿಗಳು ಬಂದವು. ಆಗಲೂ ಮುಟ್ಟಲಿಲ್ಲ. ಮಗನ ಬಟ್ಟೆಗಳು ಯಾರ್‍ಯಾರದೋ ಮೈಮೇಲೆ ಹರಿದುಹೋದವು, ಸೈಕಲ್ಲು ತುಕ್ಕು ಹಿಡಿಯಿತು, ದಿಂಬಿನಲ್ಲಿದ್ದ ತಲೆಯ ವಾಸನೆ ಮೊದಲ ಬೇಸಿಗೆಗೇ ಹೋಯಿತು. ಅವನ ಕೈ ಇಟ್ಟದ್ದು ಇಟ್ಟ ಹಾಗೇ ಉಳಿದದ್ದು ಆ ಒಂದು ಗುಂಡಿಯಲ್ಲಿ ಮಾತ್ರ.

*

"ನಿಂಗ್ಯಾಕೆ ಬೇಕಿತ್ತೇ ಇದು? ಜನ ನೋಡಿ ನಗ್ತಾರೆ," ಎಂದಳು ಅಕ್ಕ, ಅಡುಗೆಮನೆಯಲ್ಲಿ ಅವಳಿಗೆ ಬಲವಂತವಾಗಿ ನೀರು ಕುಡಿಸುತ್ತ.

"ನಗ್ಲಿ ಬಿಡು. ಅದು ತಿರುಗೋದನ್ನ ಒಂದ್ಸಲ ನೋಡ್ಬೇಕು ಅಕ್ಕ."

"ಯಾವ್ದು ತಿರುಗೋದು?"

ಅವಳು ಲೋಟವನ್ನು ತೊಟ್ಟಿಯಲ್ಲಿಟ್ಟಳು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ದುಃಖಕ್ಕೆ ತಲೆ ಕೆಟ್ಟಿದೆ ಎನ್ನುತ್ತಾರೆ. ಗಂಡ ಹೇಳಿದಾಗ ಅವಳಿಗೂ ಹಾಗೇ ಅನ್ನಿಸಿತ್ತು.

*

ಅವಳು ಮೈದಾನಕ್ಕೆ ಹೋದದ್ದು ಒಂದೇ ಸಲ. ರೇಸು ನಡೆಯುತ್ತಿತ್ತು. ನೇರ ದಾರಿಗೆ ಬಂದಾಗ ಗಂಡ ಸ್ಟೀರಿಂಗಿನಿಂದ ಕೈ ತೆಗೆದುಬಿಟ್ಟ. ಬಗ್ಗಿ ಮೆಲ್ಲಗೆ ಎಡಕ್ಕೆ ವಾಲುತ್ತ ಹುಲ್ಲಿನ ಕಡೆ ಹೋಯಿತು. ಹೊಸ ಬಗ್ಗಿಗಳು ಗುಂಯ್ ಗುಂಯ್ ಎಂದು ದಾಟಿದವು. "ಕೊನೇ ಬಸ್ಸು, ನಿದ್ದೆ ಬಂತಾ?" ಎಂದು ಯಾರೋ ಕೂಗಿದರು. ಇವನ ಮುಖದಲ್ಲಿ ನಗುವಿತ್ತು. ಮುಂದಿನ ಸುತ್ತಿನಲ್ಲೂ ಅದೇ ಜಾಗ, ಅದೇ ಕೈ ಬಿಡುವುದು.

"ರೀ, ಬೇಕೂಂತ್ಲೇ ಸೋಲ್ತೀರಾ?" ಎಂದು ಮನೆಗೆ ಬರುವಾಗ ಕೇಳಿದಳು.

"ಪ್ರತೀ ಸುತ್ತಲ್ಲೂ ಒಂದ್ಸಲ ಅವನಿಗೂ ಕೊಡ್ಬೇಡ್ವೇನೇ?"

"ಯಾರಿಗೆ?"

"ನಾನು ಕೈ ಬಿಟ್ಟಾಗ ಅವನು ಓಡಿಸ್ತಾನೆ ಕಣೇ. ನೋಡ್ಲಿಲ್ವಾ ನೀನು?"

ಅವಳು ಬಿರಬಿರನೆ ಮುಂದೆ ನಡೆದಳು. ಮತ್ತೆಂದೂ ಮೈದಾನಕ್ಕೆ ಹೋಗಲಿಲ್ಲ. ಸಂಜೆ ಹೊತ್ತು ನಡುಮನೆಯಲ್ಲಿ ಬಗ್ಗಿ ಗರಗರ ಎಂದರೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬಾಗಿಲ ಆಚೆ ಒಬ್ಬರಲ್ಲ, ಇಬ್ಬರಿದ್ದಾರೆ ಅನ್ನಿಸುತ್ತಿತ್ತು. ಭಯವೂ ಆಗುತ್ತಿತ್ತು, ತನ್ನನ್ನು ಬಿಟ್ಟು ಆಡುತ್ತಿದ್ದಾರಲ್ಲ ಎಂದು ಹೊಟ್ಟೆಕಿಚ್ಚೂ ಆಗುತ್ತಿತ್ತು. ಈಗ ಗಂಡನೂ ಹೋಗಿದ್ದ. ಇನ್ನು ಕೈ ಬಿಡಬೇಕಾದವಳು ಅವಳೇ.

*

ಸ್ಮಶಾನಕ್ಕೆ ಒಯ್ಯುವ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ದೇಹವನ್ನು ಹೊರಗೆ ತಂದು ನೆರಳಿನಲ್ಲಿಟ್ಟರು. ರೇಸಿನವರು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ತಮ್ಮ ಹೊಸ ಬಗ್ಗಿಯನ್ನು ಎಳೆಗೂಸಿನಂತೆ ತೋಳಲ್ಲಿ ಎತ್ತಿಕೊಂಡಿದ್ದರು. ಈವತ್ತೊಂದು ದಿನ ಹಳೆಯದು ಒಂಟಿಯಾಗಿ ಓಡಲಿ ಎಂದು ಯಾರೂ ಅವನ್ನು ಕೆಳಗಿಳಿಸಿರಲಿಲ್ಲ.

ಡಾಕ್ಟರು ಬಗ್ಗಿಯನ್ನು ರಸ್ತೆಯ ನಡುವೆ ಇಟ್ಟು, ರಿಮೋಟನ್ನು ಅವಳ ಕೈಗೆ ಕೊಟ್ಟರು. "ಬಂದೂಕಿನ ಕುದುರೆ ಥರ ಇದೆಯಲ್ಲ, ಇದನ್ನ ಒತ್ತಿದ್ರೆ ಓಡುತ್ತೆ. ಈ ಚಕ್ರ ತಿರುಗಿಸಿದ್ರೆ ತಿರುಗುತ್ತೆ. ನಿಧಾನ ಅಮ್ಮ."

ಅವಳು ಒತ್ತಿದಳು. ಬಗ್ಗಿ ನೆಗೆದು ಹೊರಟಿತು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕುಡುಕನ ಹಾಗೆ ಓಡಿತು. ಗುಂಪಿನಲ್ಲಿ ಯಾರೋ ಅಳುತ್ತಲೇ ನಕ್ಕರು. ರಸ್ತೆಯ ಅರ್ಧಕ್ಕೆ ಬಂದಾಗ ಅವಳು, ತಗೋ ಮಗಾ, ಎಂದು ಮನಸ್ಸಿನಲ್ಲೇ ಅಂದು ಸ್ಟೀರಿಂಗಿನಿಂದ ಕೈ ತೆಗೆದಳು.

ಬಗ್ಗಿ ನೇರ ಹೋಯಿತು.

ದಾರ ಹಿಡಿದು ಗೆರೆ ಎಳೆದ ಹಾಗೆ ನೇರ ಹೋಯಿತು. ಈಗ ವಾಲುತ್ತದೆ, ಈಗ ವಾಲುತ್ತದೆ ಎಂದು ಅವಳು ಕಾದಳು. ಅದು ರಸ್ತೆಯ ತುದಿಯವರೆಗೂ ಹಾಗೇ ಹೋಗಿ, ಅವಳ ಬೆರಳು ಸೋತು ಸಡಿಲವಾದಾಗ ನಿಂತಿತು. ಎರಡೂ ಬದಿಯವರು ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಅಮ್ಮ!" ಡಾಕ್ಟರ ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಎಡಕ್ಕೆ ಎಳೀತಿತ್ತು. ಸರಿ ಮಾಡ್ಕೊಳಯ್ಯಾ ಅಂತ ಬಾಯಿ ನೋಯೋಷ್ಟು ಹೇಳ್ದೆ, ಕೇಳ್ಲಿಲ್ಲ. ಇವತ್ತಾದ್ರೂ ಅವನ ಗಾಡಿ ನೇರ ಹೋಗ್ಲಿ ಅಂತ ಬೆಳಿಗ್ಗೆ ನಾನೇ ಗುಂಡಿ ಸರಿ ಮಾಡ್ದೆ."

ಸೊಟ್ಟ ಹಲ್ಲುಗಳನ್ನು ನೇರ ಮಾಡುತ್ತಲೇ ಕೂದಲು ನರೆತ ಮನುಷ್ಯ. ಅವರ ಕೈ ಸುಮ್ಮನಿರುವುದು ಹೇಗೆ? ಅವಳಿಗೆ ಕಿರುಚಬೇಕು ಅನ್ನಿಸಿತು. ಗಂಡ ಹೋದದ್ದು ನಿನ್ನೆ, ಮಗ ಹೋದದ್ದು ಈ ಗಳಿಗೆಯಲ್ಲಿ ಎಂದು ಅವರ ಅಂಗಿ ಹಿಡಿದು ಹೇಳಬೇಕು ಅನ್ನಿಸಿತು. ಡಾಕ್ಟರು ಒದ್ದೆ ಕಣ್ಣು ಅರಳಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿ ಹೋಯ್ತು ಡಾಕ್ಟ್ರೇ," ಎಂದಳು.

ಅವರು ಮೂಗೊರೆಸಿಕೊಂಡು ಬಗ್ಗಿಯನ್ನು ಎತ್ತಿಕೊಂಡು ಬರಲು ರಸ್ತೆಯ ತುದಿಗೆ ಹೊರಟರು. ಗಾಡಿಯ ಹಿಂಬಾಗಿಲು ತೆರೆಯಿತು. ನಾಲ್ವರು ದೇಹಕ್ಕೆ ಹೆಗಲು ಕೊಟ್ಟರು. "ಬಾರೇ, ಹೊತ್ತಾಯ್ತು," ಎಂದು ಅಕ್ಕ ಕರೆದಳು. ಅವಳು ಕದಲಲಿಲ್ಲ. ಅವಳ ಹೆಬ್ಬೆರಳು ಸ್ಟೀರಿಂಗಿನ ಕೆಳಗೆ ತಡಕಾಡಿ ಆ ಕಡಲೆಕಾಳನ್ನು ಹುಡುಕಿಕೊಂಡಿತ್ತು. ಎಷ್ಟು ತಿರುಗಿಸಿಟ್ಟಿದ್ದ ಅವನು? ಇಷ್ಟಾ? ಇನ್ನೂ ಚೂರಾ?

ರಸ್ತೆಯ ತುದಿಯಲ್ಲಿ ಡಾಕ್ಟರು ಬಾಗಿದರು. ನಿಂತಿದ್ದ ಬಗ್ಗಿಯ ಮುಂದಿನ ಚಕ್ರಗಳು ಅವರ ಕೈಯ ಕೆಳಗೇ ಕೂದಲೆಳೆಯಷ್ಟು ಎಡಕ್ಕೆ ಹೊರಳಿ ನಿಂತವು. ಮತ್ತೆ ಕೂದಲೆಳೆಯಷ್ಟು ಹೊರಳಿದವು. ಹೆಚ್ಚಾಯಿತೇನೋ ಎಂಬಂತೆ ಸ್ವಲ್ಪ ಹಿಂದಕ್ಕೆ ಬಂದವು. ಡಾಕ್ಟರು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ತಿರುಗಿ ಅವಳ ಕಡೆ ನೋಡಿದರು. ಚಕ್ರಗಳು ಇನ್ನೊಮ್ಮೆ ಎಡಕ್ಕೆ ಹೊರಳಿದವು.